‘ಯಾಕೆ’ ಎನ್ನುವ ಕಾಲಂ

ಫೆಬ್ರವರಿ 9

ತಮ್ಮಾ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಯಾರೋ ಸತ್ತಿರಬೇಕು ಅಂದುಕೊಂಡಿರುತ್ತೀಯ. ಯಾರೂ ಸತ್ತಿಲ್ಲ. ಸಾಯುವವರೆಲ್ಲ ಆಗಲೇ ಸತ್ತು, ಉಳಿದಿರುವುದು ನಾನೂ ನೀನೂ ಮಾತ್ರ. ಆರು ವರ್ಷದ ಹಿಂದೆ ಅಪ್ಪ ಹೋದಾಗ ಹಾಕಿದ ಕಾಗದಕ್ಕೆ ನೀನು ಎರಡು ಸಾಲು ಉತ್ತರ ಬರೆದಿದ್ದೆ. ಆ ವಿಳಾಸಕ್ಕೇ ಇದನ್ನೂ ಹಾಕುತ್ತಿದ್ದೇನೆ. ಕನ್ನಡಕದ ಗಾಜು ಉಜ್ಜುವ ಆ ಕಾರ್ಖಾನೆಯಲ್ಲೇ ಇದ್ದೀಯ ತಾನೆ?

ನಾನು ಅಪ್ಪನ ಔಷಧಿ ಅಂಗಡಿಯಲ್ಲೇ ಇದ್ದೇನೆ. ಅದೇ ಕೌಂಟರು, ಅದೇ ಕುಂಟು ಏಣಿ. ಹೋದ ವರ್ಷ ಎಡ ಪಕ್ಕೆಗೆ ಸರ್ಪಸುತ್ತು ಆಯಿತು. ಗುಳ್ಳೆಗಳು ಹದಿನೈದು ದಿನದಲ್ಲಿ ಒಣಗಿದವು, ಉರಿ ಮಾತ್ರ ಅಲ್ಲೇ ಬಿಡಾರ ಹೂಡಿದೆ. ಬಟ್ಟೆ ತಾಗಿದರೂ ಕೆಂಡ ತಾಗಿದ ಹಾಗೆ. ಕುರ್ಚಿಯಲ್ಲಿ ಹತ್ತು ನಿಮಿಷ ಕೂರಲಾರೆ. ಊಟವನ್ನೂ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಮಾಡುತ್ತೇನೆ. ಡಾಕ್ಟರಮ್ಮ ಇದ್ದಬದ್ದ ಮಾತ್ರೆಯೆಲ್ಲ ಕೊಟ್ಟು ನೋಡಿ, ಕೊನೆಗೆ ಗಾಂಜಾ ಎಣ್ಣೆ ಬರೆದುಕೊಟ್ಟಿದ್ದಾರೆ. ಹನಿ ಲೆಕ್ಕದಲ್ಲಿ.

ನಗಬೇಡ. ಕಾನೂನು ಬದಲಾಗಿದೆ, ಡಾಕ್ಟರ ಚೀಟಿ ಇದ್ದರೆ ಕೊಡಬಹುದು. ನಮ್ಮ ಅಂಗಡಿಯಲ್ಲೇ, ಬೀಗ ಹಾಕುವ ಕಪಾಟಿನಲ್ಲಿ ಇಟ್ಟಿದ್ದೇನೆ. ಮೂರ್ನಾಲ್ಕು ಜನಕ್ಕೆ ನನ್ನ ಕೈಯಾರೆ ಕೊಟ್ಟಿದ್ದೇನೆ. ಕೊಡುವಾಗ ಏನೂ ಅನ್ನಿಸಲಿಲ್ಲ. ತೆಗೆದುಕೊಳ್ಳುವ ಸರದಿ ನನ್ನದಾದಾಗ ಮಾತ್ರ ಬಾಟಲಿ ಹನ್ನೊಂದು ದಿನದಿಂದ ತೆರೆಯದೆ ಕೂತಿದೆ.

“ಏನಕ್ಕೆ ತಗೋತಿದ್ದೀರ ಅನ್ನೋದು ನಿಮಗೆ ಗೊತ್ತಿರಲಿ, ಸುಮ್ಮಸುಮ್ಮನೆ ತಗೋಬೇಡಿ” ಅಂದರು ಡಾಕ್ಟರಮ್ಮ. ಸರಿ. ಆದರೆ ಎಷ್ಟಾದರೆ ಸಾಕು ಅಂತ ಗೊತ್ತಾಗುವುದು ಹೇಗೆ? ಪುಸ್ತಕದಲ್ಲಿರುವುದು ನನಗೂ ಗೊತ್ತು. ಅನುಭವ ಇದ್ದವರನ್ನು ಕೇಳೋಣವೆಂದರೆ ನನಗೆ ಗೊತ್ತಿರುವವನು ನೀನೊಬ್ಬನೇ.

ಹಳೆಯದನ್ನು ಕೆದಕಲು ಬರೆದದ್ದಲ್ಲ. ನೀನು ಆಗ ಮಾಡಿದ್ದು ಮೋಜಿಗೆ, ನಾನು ಈಗ ಮಾಡಹೊರಟಿರುವುದು ಮದ್ದಿಗೆ. ಅಷ್ಟು ವ್ಯತ್ಯಾಸ ಇಬ್ಬರಿಗೂ ಗೊತ್ತಿದ್ದರೆ ಸಾಕು.

ಅಕ್ಕ


ಮಾರ್ಚ್ 2

ಅಕ್ಕನವರಿಗೆ,

ಪತ್ರ ತಲುಪಿತು. ಪಕ್ಕೆಯ ಉರಿ ಬೇಗ ಇಳಿಯಲಿ.

ನಾನು ಅದನ್ನು ಮುಟ್ಟಿ ಹದಿನೆಂಟು ವರ್ಷವಾಯಿತು. ನನ್ನಿಂದ ಕಲಿಯುವಂಥದ್ದೇನೂ ಇಲ್ಲ. ಡಾಕ್ಟರು ಹೇಳಿದಷ್ಟೇ ತೆಗೆದುಕೊಳ್ಳಿ.

ಅಪ್ಪನ ಪದ್ಧತಿ ನಿಮಗೆ ಮರೆತಿರಲಿಕ್ಕಿಲ್ಲ. ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ನೋಟ್‌ಬುಕ್ಕು, ರಟ್ಟಿನ ಮೇಲೆ ಅವರವರ ಹೆಸರು. ತಲೆನೋವಿನ ಮಾತ್ರೆ ನುಂಗಿದರೂ ನಾಲ್ಕು ಕಾಲಂ ತುಂಬಬೇಕು: ದಿನಾಂಕ, ಎಷ್ಟು, ಯಾಕೆ, ಏನಾಯಿತು. ‘ಯಾಕೆ’ ಎನ್ನುವುದನ್ನು ನುಂಗುವ ಮೊದಲೇ ಬರೆಯಬೇಕು. ಬರೆಯಲು ಏನೂ ಹೊಳೆಯದಿದ್ದರೆ ಮಾತ್ರೆ ವಾಪಸ್ಸು ಕಪಾಟಿಗೆ. ಈ ಎಣ್ಣೆಗೂ ಅಷ್ಟೇ ಸಾಕು.

ನನ್ನ ನೋಟ್‌ಬುಕ್ಕು ಆಮೇಲೆ ಏನಾಯಿತು?

ನಿಮ್ಮ ತಮ್ಮ


ಮಾರ್ಚ್ 10

ಗುಬ್ಬಿ,

ಏನೋ ಇದು, ‘ಅಕ್ಕನವರಿಗೆ’, ‘ನಿಮಗೆ’? ಗಿರಾಕಿಗೆ ರಸೀದಿ ಬರೆದ ಹಾಗಿದೆ. ನಿನಗೆ ಶರಟಿನ ಗುಂಡಿ ಹಾಕಲು ಕಲಿಸಿದವಳು ನಾನು. ಬೈಯುವುದಿದ್ದರೆ ‘ನೀನು’ ಅಂತಲೇ ಬೈ.

ನಿನ್ನ ಮಾತು ಕೇಳಿ ಹೊಸ ನೋಟ್‌ಬುಕ್ಕು ತಂದು ಗೆರೆ ಎಳೆದೆ. ಮೊದಲ ದಿನ ‘ಯಾಕೆ’ ಕಾಲಮಿನಲ್ಲಿ ‘ನೋವಿಗೆ’ ಅಂತ ಬರೆದೆ. ಎರಡು ಹನಿ. ಅರ್ಧ ಗಂಟೆ ಕಾದರೂ ಏನೂ ಆಗಲಿಲ್ಲ. ಇದೇನು ಬರೀ ಎಣ್ಣೆಯೋ ಅಂದುಕೊಂಡು ಇನ್ನೂ ನಾಲ್ಕು ಹನಿ ಹಾಕಿಕೊಂಡೆ. ಮೂವತ್ತೈದು ವರ್ಷದಿಂದ “ಹೇಳಿದಷ್ಟೇ ತಗೊಳ್ಳಿ, ಬೇಗ ವಾಸಿಯಾಗಲಿ ಅಂತ ಜಾಸ್ತಿ ತಗೋಬೇಡಿ” ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು ನಾನು. ಆಮೇಲೆ ಬಂತು ನೋಡು, ತಡವಾಗಿ ಬಂದು ಎದ್ದು ಹೋಗಲೊಲ್ಲದ ನೆಂಟನ ಹಾಗೆ. ಮಧ್ಯಾಹ್ನವೆಲ್ಲ ಹಿಂದಿನ ಕೋಣೆಯ ನೆಲದ ಮೇಲೆ ಕೂತು, ಹತ್ತಿಯ ಸುರುಳಿಯ ಪೆಟ್ಟಿಗೆ ಮೇಲಿನ ಬರಹವನ್ನು ಓದಿ ಓದಿ ನಕ್ಕೆ. ಆಮೇಲೆ ಅತ್ತೆ. ಅಂಗಡಿಯ ಕದ ಮುಚ್ಚಿದ್ದನ್ನು ಕಂಡು ಎದುರಿನ ಚಮ್ಮಾರ ಕಿಟಕಿ ಬಡಿದು “ಏನಮ್ಮಾ, ಬದುಕಿದ್ದೀರ?” ಅಂದ.

ಅತ್ತದ್ದು ಅಮ್ಮನ ನೆನಪಿಗೆ. ಹೊಟ್ಟೆಯ ಕ್ಯಾನ್ಸರಿಗೆ ಆಸ್ಪತ್ರೆಯವರು ಕೊಡುತ್ತಿದ್ದ ಮದ್ದು, ಏನು ತಿಂದರೂ ವಾಂತಿ, ನಿನಗೆ ನೆನಪಿದೆ. ನಾನೂ ಅಪ್ಪನೂ ಹಗಲೆಲ್ಲ ಅಂಗಡಿಯಲ್ಲಿ. ನೀನು ಕೆಲಸ ಹುಡುಕುತ್ತ ಮನೆಯಲ್ಲೇ ಇದ್ದೆ, ಅವಳನ್ನು ನೋಡಿಕೊಳ್ಳುತ್ತೀಯ ಅಂತ ನಂಬಿದ್ದೆವು. ಆ ಒಂದು ಸಂಜೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಗಡಿಯಿಂದ ಬಂದರೆ ಅಮ್ಮ ತಲೆ ಬಾಚಿಕೊಂಡು ಊಟದ ಮೇಜಿನ ಮುಂದೆ ಕೂತಿದ್ದಾಳೆ. ನನ್ನ ಜೊತೆ ಕೂತು ಒಂದು ಇಡೀ ಮೊಟ್ಟೆ, ಎರಡು ತುಂಡು ಬ್ರೆಡ್ಡು ತಿಂದಳು. ನನ್ನ ಮೂಗು ಅಜ್ಜಿಯ ಮೂಗಿನ ಹಾಗೆ ಬೆಳೆಯುತ್ತಿದೆ ಅಂತ ಹೇಳಿ ನಕ್ಕಳು. ಇನ್ನು ಇವಳು ಉಳಿದಳು ಅಂದುಕೊಂಡೆ.

ಮಾರನೇ ದಿನವೇ ನಿನ್ನ ಹಾಸಿಗೆ ಕೊಡವುವಾಗ ಆ ತಗಡಿನ ಡಬ್ಬಿಯೂ ನಿನ್ನ ಹೆಸರಿನ ನೋಟ್‌ಬುಕ್ಕೂ ಸಿಕ್ಕವು. ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ ‘ಗಾಂಜಾ’ ಅಂತ ಬರೆದು ಅಡಿಗೆರೆ ಎಳೆದಿದ್ದೆ. ಅಪ್ಪನ ಕೈಗೆ ಕೊಟ್ಟೆ. ಅವರೂ ಅಷ್ಟೇ ನೋಡಿ ಮುಚ್ಚಿದರು. ಸಂಜೆಯೊಳಗೆ ನೀನು ಮನೆ ಬಿಟ್ಟಿದ್ದೆ. ಆಮೇಲೆ ಅಮ್ಮ ಬಾಯಿಗೆ ಸರಿಯಾಗಿ ಏನೂ ಹಾಕಲಿಲ್ಲ. ಏಳು ವಾರ. “ನಿನ್ನ ಕೊರಗಿನಲ್ಲೇ ಅಮ್ಮ ಸತ್ತಳು” ಅಂತ ಆಗ ನಿನಗೆ ಬರೆದಿದ್ದೆ. ಒರಟಾಗಿ ಬರೆದೆ, ಒಪ್ಪುತ್ತೇನೆ. ಆದರೆ ಸುಳ್ಳು ಬರೆದೆ ಅಂತ ಈಗಲೂ ಅನ್ನಿಸುವುದಿಲ್ಲ.

ನಿನ್ನ ನೋಟ್‌ಬುಕ್ಕು ಅಪ್ಪನ ಮೇಜಿನ ಖಾನೆಯಲ್ಲಿದೆ. ಪೊಟ್ಟಣ ಕಟ್ಟುವ ದಾರದಲ್ಲಿ ಅವರೇ ಕಟ್ಟಿಟ್ಟದ್ದು. ಯಾರೂ ಬಿಚ್ಚಿಲ್ಲ. ಬಿಚ್ಚಿ ಓದಲು ಅದರಲ್ಲೇನಿದೆ?

ಅಕ್ಕ


ಏಪ್ರಿಲ್ 21

ಅಕ್ಕನವರಿಗೆ,

ತಡವಾಯಿತು. ಮೂರು ಸಲ ಬರೆದು ಹರಿದೆ.

ಆ ನೋಟ್‌ಬುಕ್ಕನ್ನು ಬಿಚ್ಚಬೇಡಿ. ಸುಟ್ಟುಬಿಡಿ. ಇಷ್ಟು ವರ್ಷ ಕಟ್ಟಿಟ್ಟದ್ದನ್ನು ಈಗ ಬಿಚ್ಚಿದರೆ ಯಾರಿಗೂ ಒಳ್ಳೆಯದಾಗುವುದಿಲ್ಲ.

ನೀವು ಕೇಳದಿದ್ದರೂ ನನ್ನ ವಿಷಯ ಹೇಳುತ್ತೇನೆ. ಮನೆಯಿಂದ ಬಂದ ಮೇಲೆ ಒಂಬತ್ತು ವರ್ಷ ಸೇದಿದೆ. ಬೆಳಿಗ್ಗೆ ಎದ್ದರೆ ಸೇದಿದೆ, ಬಸ್ಸು ತಪ್ಪಿದರೆ ಸೇದಿದೆ, ಬಸ್ಸು ಸಿಕ್ಕರೂ ಸೇದಿದೆ. ನೋಟ್‌ಬುಕ್ಕು ಇಟ್ಟಿದ್ದರೆ ಒಂಬತ್ತು ವರ್ಷದ ‘ಯಾಕೆ’ ಕಾಲಂ ಪೂರಾ ಖಾಲಿ ಇರುತ್ತಿತ್ತು. ನನಗೆ ಮದುವೆಯಾಗಿತ್ತು, ಅದು ನಿಮಗೆ ಗೊತ್ತಿಲ್ಲ. “ನೀನು ಮನೇಲಿ ಇರ್ತೀಯ, ಆದ್ರೆ ಇರಲ್ಲ” ಅಂತ ಹೇಳಿ ಹೋದಳು. ಜಗಳ ಕೂಡ ಆಡಲಿಲ್ಲ. ಅದರ ತಪ್ಪು ನನ್ನದೇ, ನಿಮ್ಮದಲ್ಲ, ಅಪ್ಪನದೂ ಅಲ್ಲ. ಅವಳು ಹೋದ ಮೇಲೆ ಬಿಟ್ಟೆ. ಈಗ ದಿನಕ್ಕೆ ನಲವತ್ತು ಗಾಜು ಉಜ್ಜುತ್ತೇನೆ. ಕೂದಲೆಳೆಯಷ್ಟು ಹೆಚ್ಚಾದರೂ ಇನ್ನೊಬ್ಬರ ಕಣ್ಣಿಗೆ ತಲೆನೋವು. ಇಂಥ ಕೆಲಸ ಮೊದಲೇ ಸಿಕ್ಕಿದ್ದರೆ ಚೆನ್ನಾಗಿತ್ತು.

ಒಂದು ಮಾತು ಕೇಳಬೇಕಿತ್ತು. ನಾನು ಹೊರಟ ದಿನ ಅಮ್ಮನಿಗೆ ನೀವು ಏನು ಹೇಳಿದಿರಿ? ನಾನು ಹೊರಡುವಾಗ ಅವಳು ನಿದ್ದೆಯಲ್ಲಿದ್ದಳು. ಎಬ್ಬಿಸಲು ಅಪ್ಪ ಬಿಡಲಿಲ್ಲ. ಇದಕ್ಕೆ ಮಾತ್ರ ಉತ್ತರ ಬರೆಯಿರಿ.

ನಿಮ್ಮ ತಮ್ಮ


ಏಪ್ರಿಲ್ 29

ಗುಬ್ಬಿ,

ನಿನ್ನ ಹೆಂಡತಿಯ ವಿಷಯ ಓದಿ ಸಂಕಟವಾಯಿತು. ನಮಗೊಂದು ಮಾತು ತಿಳಿಸಬಹುದಿತ್ತು. ತಿಳಿಸುವ ಹಾಗೆ ನಾವು ಇಟ್ಟುಕೊಂಡಿರಲಿಲ್ಲ, ಅದೂ ನಿಜ.

ಆದರೆ ನೋಟ್‌ಬುಕ್ಕು ಸುಡು ಅಂತೀಯಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಾನು ಬಿಚ್ಚುತ್ತೇನೆ ಅಂತ ಹೇಳಿಯೇ ಇರಲಿಲ್ಲ. ಅದರಲ್ಲಿ ಏನೇನು ಬರೆದಿದ್ದೀಯೋ, ಯಾರ ಯಾರ ಜೊತೆ ಸೇರಿದ್ದೆಯೋ, ನನಗೆ ಬೇಕಾಗಿಲ್ಲ. ಈ ಭಾನುವಾರ ಹಿತ್ತಲಲ್ಲಿ ರದ್ದಿ ಕಾಗದ ಸುಡುವಾಗ ಅದನ್ನೂ ಹಾಕುತ್ತೇನೆ. ಅಲ್ಲಿಗೆ ಮುಗಿಯಿತು.

ಅಮ್ಮನಿಗೆ ಏನು ಹೇಳುತ್ತೇವೆ? ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಎಣ್ಣೆಯನ್ನು ಎರಡು ಹನಿಗೆ ಇಳಿಸಿದ್ದೇನೆ. ಉರಿ ಅರ್ಧದಷ್ಟು ತಗ್ಗುತ್ತದೆ. ‘ನೋವಿಗೆ’ ಅಂತ ಬರೆದರೆ ಎಷ್ಟು ತೆಗೆದುಕೊಂಡರೂ ಸಾಲದು ಅನ್ನಿಸುತ್ತದೆ, ಯಾಕೋ ಗೊತ್ತಿಲ್ಲ.

ಅಕ್ಕ


ಮೇ 3, ಭಾನುವಾರ

ಗುಬ್ಬಿ,

ಸುಡಲಿಲ್ಲ.

ಬೆಂಕಿ ಹಚ್ಚಿ ಆಗಿತ್ತು. ಹಳೆಯ ರಟ್ಟು, ದಾರ ಎಲ್ಲ ಹಾಕಿದೆ. ನಿನ್ನ ನೋಟ್‌ಬುಕ್ಕನ್ನು ಕೈಗೆತ್ತಿಕೊಂಡಾಗ ದಾರ ಹಳೆಯದಾಗಿ ತಾನೇ ಕಿತ್ತು ಬಂತು. ಓದಬಾರದೆಂದೇ ಇದ್ದೆ. ತೆರೆದುಕೊಂಡ ಪುಟದಲ್ಲಿ ‘ಸೂಪ್’ ಎನ್ನುವ ಮಾತು ಕಂಡಿತು. ಗಾಂಜಾ ಸೇದುವವನ ಪುಸ್ತಕದಲ್ಲಿ ಸೂಪಿಗೇನು ಕೆಲಸ ಅಂದುಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತೆ.

ನೀನು ಬರೆದದ್ದನ್ನೇ ನಿನಗೆ ಬರೆಯುತ್ತಿದ್ದೇನೆ. ಬರೆಯದಿದ್ದರೆ ನನಗೆ ನಂಬಿಕೆ ಬರುವುದಿಲ್ಲ.

‘ಬೆಣ್ಣೆಯಲ್ಲಿ, ಕಡಲೆಕಾಳಿನಷ್ಟು. ಯಾಕೆ: ಆರು ಚಮಚ ಸೂಪ್ ಒಳಗೆ ಉಳಿಯಬೇಕು. ಏನಾಯಿತು: ನಾಲ್ಕು ಉಳಿಯಿತು.’

‘ಅದರ ಅರ್ಧ. ಯಾಕೆ: ಕಿಟಕಿಯ ತನಕ ನಡೆಯಬೇಕು. ಏನಾಯಿತು: ನಡೆದಳು. ಎದುರು ಮನೆಯವಳು ಪರದೆ ಒಗೆದು ಯಾವ ಕಾಲವಾಯಿತೋ ಎಂದಳು.’

‘ಇವತ್ತು ಕೊಡಲಿಲ್ಲ. ಯಾಕೆ ಎಂದು ಕೇಳಿದರೆ, ಸುಮ್ಮನೆ ಕೊಡೋ, ಎಲ್ಲ ಮರೀಬೇಕು ಎಂದಳು. ಅದು ಕಾರಣವಲ್ಲ ಎಂದೆ. ಏನಾಯಿತು: ಬೈದಳು. ಆಮೇಲೆ ಇಬ್ಬರೂ ಇಸ್ಪೀಟು ಆಡಿದೆವು. ಮೋಸ ಮಾಡಿ ಗೆದ್ದಳು.’

ನಲವತ್ತೊಂದು ಪುಟ. ಒಂದರಲ್ಲೂ ಅವಳ ಹೆಸರಿಲ್ಲ. ರಟ್ಟಿನ ಮೇಲೆ ನಿನ್ನ ಹೆಸರು. ಈ ಮನೆಯಲ್ಲಿ ರಟ್ಟಿನ ಮೇಲೆ ಯಾರ ಹೆಸರೋ ಮದ್ದು ಅವರದು. ನಾನಾಗಲಿ ಅಪ್ಪನಾಗಲಿ ಬೇರೆ ಥರ ಓದಲು ಕಲಿತೇ ಇರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವರು ನಾವು. ಇನ್ನೊಂದು ಪುಟ ತಿರುಗಿಸಿದ್ದರೆ ಸಾಕಿತ್ತು, ತಮ್ಮಾ. ಒಂದೇ ಒಂದು ಪುಟ.

ಕೊನೆಯ ಪುಟವನ್ನು ಹೇಗೆ ಬರೆಯಲಿ. ‘ಕಡಲೆಕಾಳಿನಷ್ಟು, ಸಂಜೆ ಐದಕ್ಕೆ. ಯಾಕೆ: ಮಗಳ ಜೊತೆ ಕೂತು ಊಟ ಮಾಡಬೇಕು. ಏನಾಯಿತು: ಮೊಟ್ಟೆ ಒಂದು, ಬ್ರೆಡ್ಡು ಎರಡು. ನಕ್ಕಳು. ಅಕ್ಕನೂ ನಕ್ಕಳು.’

ಆ ಸಂಜೆಯನ್ನು ಇಪ್ಪತ್ತೇಳು ವರ್ಷ ನಾನು ದೇವರು ಕೊಟ್ಟದ್ದು ಅಂದುಕೊಂಡಿದ್ದೆ. ಕೊಟ್ಟವನು ನೀನು. ಮಾರನೇ ದಿನವೇ ನಿನ್ನನ್ನು ಹೊರಗೆ ಹಾಕಿಸಿದವಳು ನಾನು. ಅವಳು ಊಟ ಬಿಟ್ಟದ್ದು ಕೊರಗಿನಿಂದಲ್ಲ, ಊಟ ಒಳಗೆ ಉಳಿಸುತ್ತಿದ್ದದ್ದನ್ನು ನಾನೇ ಡಬ್ಬಿ ಸಮೇತ ಚರಂಡಿಗೆ ಸುರಿದಿದ್ದೆ. ಸುರಿದು, ಕೈ ತೊಳೆದುಕೊಂಡು, ನಿನಗೆ ಆ ಕಾಗದ ಬರೆದೆ. ಅದು ಸುಳ್ಳು. ಅಕ್ಷರ ಅಕ್ಷರವೂ ಸುಳ್ಳು.

ಇನ್ನೊಂದು ಸುಳ್ಳು ಹೋದ ವಾರವೇ ಬರೆದೆ. ಅಮ್ಮನಿಗೆ ನಾವು ಇದ್ದದ್ದನ್ನು ಹೇಳಲಿಲ್ಲ. ಈ ಸ್ಥಿತಿಯಲ್ಲಿ ಅವಳಿಗೆ ತಿಳಿದರೆ ಎದೆ ಒಡೆಯುತ್ತದೆ ಅಂತ ಅಪ್ಪನೂ ನಾನೂ ಮಾತಾಡಿಕೊಂಡು, “ಅವನಿಗೆ ದೂರದ ಊರಲ್ಲಿ ಕೆಲಸ ಸಿಕ್ತು, ತಕ್ಷಣ ಬಾ ಅಂದರು, ಹೋದ” ಅಂತ ಹೇಳಿದೆವು. ಅಮ್ಮ ನನ್ನ ಮುಖವನ್ನೇ ನೋಡಿದಳು. “ನನಗೆ ಹೇಳದೆ ಹೋದ್ನಾ?” ಅಂತ ಕೇಳಿದಳು. “ನೀನು ಮಲಗಿದ್ದೆಯಲ್ಲ” ಅಂದೆ. “ಹೋಗ್ಲಿ ಬಿಡು. ಅವನಾದ್ರೂ ಚೆನ್ನಾಗಿರ್ಲಿ” ಅಂದು ಗೋಡೆಯ ಕಡೆ ತಿರುಗಿದಳು. ಆಮೇಲೆ ಅವಳನ್ನು ನೋಡಿಕೊಳ್ಳಲು ನಾನೇ ಮನೆಯಲ್ಲಿ ಉಳಿದೆ. ದಿನವೂ ಸಂಜೆ ಐದಕ್ಕೆ ಬಾಗಿಲು ನೋಡುತ್ತಿದ್ದಳು. ಅಪ್ಪ ಬರುವ ಹೊತ್ತೆಂದು ನೋಡುತ್ತಾಳೆ ಅಂದುಕೊಂಡಿದ್ದೆ.

ಕ್ಷಮಿಸು ಅಂತ ಬರೆಯಲು ಹೋಗಿ ನಿಲ್ಲಿಸಿದ್ದೇನೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ನೀನು ಆಗಲೇ ಯಾಕೆ ಬಾಯಿ ಬಿಡಲಿಲ್ಲ? ಇದನ್ನು ಕೇಳುವ ಹಕ್ಕು ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಅಕ್ಕ


ಜೂನ್ 20

ಗುಬ್ಬಿ,

ಏಳು ವಾರವಾಯಿತು. ನೀನು ಹೋದ ಮೇಲೆ ಅಮ್ಮ ಉಳಿದದ್ದೂ ಅಷ್ಟೇ ದಿನ. ಅಂಚೆಯವನು “ಇವತ್ತೂ ಇಲ್ಲಮ್ಮ” ಅಂತ ಬೀದಿಯಿಂದಲೇ ಕೈ ಆಡಿಸಿ ಹೋಗುತ್ತಾನೆ.

ಉತ್ತರ ಬರೆಯಲೇಬೇಕು ಅಂತ ಇದನ್ನು ಬರೆಯುತ್ತಿಲ್ಲ. ನೋಟ್‌ಬುಕ್ಕಿಗೆ ಹೊಸ ರಟ್ಟು ಹಾಕಿ ಅಮ್ಮನ ಹೆಸರು ಬರೆದಿಟ್ಟಿದ್ದೇನೆ. ನಿನ್ನ ಹೆಸರಿದ್ದ ರಟ್ಟನ್ನು ಒಳಗೆ ಹಾಗೇ ಇಟ್ಟಿದ್ದೇನೆ.

ನಾನು ಎಣ್ಣೆ ನಿಲ್ಲಿಸಿದ್ದೇನೆ. ಉರಿ ಇದ್ದರೆ ಇರಲಿ ಅನ್ನಿಸಿದೆ.

ಅಕ್ಕ


ಆಗಸ್ಟ್ 14

ಅಕ್ಕಾ,

ನಿನ್ನ ಮೇ ತಿಂಗಳ ಕಾಗದವನ್ನು ಕೆಲಸದ ಮೇಜಿನ ಮುಂದೆ ನಿಂತೇ ಓದಿದೆ. ಆ ದಿನ ಉಜ್ಜಿದ ಗಾಜೆಲ್ಲ ಕೆಟ್ಟವು. ಮೇಸ್ತ್ರಿ ಮನೆಗೆ ಕಳಿಸಿದ. ನಿನ್ನ ಮೇಲೆ ಬಂದ ಸಿಟ್ಟು ಇಳಿಯಲು ಮೂರು ತಿಂಗಳು ಬೇಕಾಯಿತು. ಪೂರಾ ಇಳಿದಿದೆ ಅಂತ ಸುಳ್ಳು ಹೇಳುವುದಿಲ್ಲ. ನಾನೇ ಬಿಟ್ಟು ಹೋದೆ ಅಂದುಕೊಂಡು ಅಮ್ಮ ಸತ್ತಳು. ಅದಕ್ಕೆ ನೀನು ಕ್ಷಮೆ ಕೇಳಲಿಲ್ಲ, ಒಳ್ಳೆಯದಾಯಿತು. ಕೇಳಿದ್ದರೆ ಕೊಡಲು ನನ್ನ ಹತ್ತಿರ ಇರಲಿಲ್ಲ.

ಬಾಯಿ ಬಿಡದಿದ್ದದ್ದು ಯಾಕೆ ಅಂದರೆ ಅವಳು ಮಾತು ತೆಗೆದುಕೊಂಡಿದ್ದಳು. “ಗೊತ್ತಾದ್ರೆ ಅಂಗಡಿ ಲೈಸೆನ್ಸ್ ಹೋಗತ್ತೆ. ಅಪ್ಪನಿಗೂ ಅಕ್ಕನಿಗೂ ಹೇಳ್ಬೇಡ. ಗೊತ್ತಿಲ್ದಿದ್ರೆ ಅವರು ಸುಳ್ಳು ಹೇಳೋ ಹಾಗಿರಲ್ಲ” ಅಂದಿದ್ದಳು. ನೋಟ್‌ಬುಕ್ಕಿಗೆ ನನ್ನ ಹೆಸರು ಹಾಕು ಅಂದದ್ದೂ ಅವಳೇ. ಅಪ್ಪ ಬಾಗಿಲು ತೋರಿಸಿದಾಗ ನಾನು ಸುಮ್ಮನೆ ಹೊರಟದ್ದು ಒಂದೇ ಧೈರ್ಯದ ಮೇಲೆ. ಎದ್ದ ಮೇಲೆ ಅಮ್ಮನಿಗೆ ತಿಳಿಯುತ್ತದೆ, ಅವಳೇ ನಿಜ ಹೇಳುತ್ತಾಳೆ, ವಾರದೊಳಗೆ ಕರೆಸಿಕೊಳ್ಳುತ್ತಾಳೆ ಅಂದುಕೊಂಡೆ. ಕರೆ ಬರಲಿಲ್ಲ. ನಿನ್ನ ಕಾಗದ ಬಂತು. ಎಲ್ಲ ತಿಳಿದೂ ಅವಳು ಬಾಯಿ ಮುಚ್ಚಿಕೊಂಡಳು, ಮಗನಿಗಿಂತ ಅಂಗಡಿ ದೊಡ್ಡದಾಯಿತು ಅಂದುಕೊಂಡೆ. ಆ ಒಂಬತ್ತು ವರ್ಷದ ಖಾಲಿ ಕಾಲಮಿನಲ್ಲಿ ಏನಾದರೂ ಬರೆಯುವುದಿದ್ದರೆ ಇದನ್ನೇ ಬರೆಯಬೇಕಿತ್ತು. ಸತ್ತವಳ ಮೇಲೆ ಇಪ್ಪತ್ತೇಳು ವರ್ಷ ಸಿಟ್ಟು ಇಟ್ಟುಕೊಂಡಿದ್ದೆ, ಅಕ್ಕಾ. ಅವಳಿಗೆ ಏನೂ ಗೊತ್ತೇ ಇರಲಿಲ್ಲ. ಐದು ಗಂಟೆಗೆ ಬಾಗಿಲು ನೋಡುತ್ತಿದ್ದಳು ಅಂತ ಬರೆದಿದ್ದೀಯ. ಆ ಸಾಲನ್ನು ಈಗಲೂ ಪೂರ್ತಿ ಓದಲಾರೆ.

ನಿನ್ನ ಫೆಬ್ರವರಿ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ. ಎಷ್ಟಾದರೆ ಸಾಕು ಅಂತ ಗೊತ್ತಾಗುವುದು ಹೇಗೆ ಅಂತ ಕೇಳಿದ್ದೆ. ‘ನೋವಿಗೆ’ ಅಂತ ಬರೆದರೆ ಯಾವತ್ತೂ ಸಾಲುವುದಿಲ್ಲ. ನೋವು ಪೂರಾ ಹೋಗುವುದಿಲ್ಲವಲ್ಲ. ನಾನು ಅಮ್ಮನನ್ನು ದಿನವೂ ಒಂದೇ ಮಾತು ಕೇಳುತ್ತಿದ್ದೆ. “ಇವತ್ತು ಏನ್ ಮಾಡ್ಬೇಕು ಅಂತಿದ್ದೀಯಮ್ಮ?” ಸೂಪು ಅಂದರೆ ಸೂಪಿಗೆ ಬೇಕಾದಷ್ಟು. ಕಿಟಕಿ ಅಂದರೆ ಕಿಟಕಿಯ ತನಕ ಹೋಗಲು ಬೇಕಾದಷ್ಟು. ಆ ಕೆಲಸ ಆದರೆ ಅವತ್ತಿಗೆ ಸಾಕು. ಕೊನೆಯ ದಿನ ಕೇಳಿದಾಗ, “ಮಗಳು ದಿನಾ ಒಬ್ಬಳೇ ಕೂತು ತಿಂತಾಳೆ ಕಣೋ. ಇವತ್ತು ಅವಳ ಜೊತೆ ಕೂರ್ಬೇಕು” ಅಂದಳು.

ನೀನು ನಿಂತು ತಿನ್ನುವುದನ್ನು ಅವಳು ನೋಡಿದ್ದರೆ ನನಗೇ ಬೈಯುತ್ತಿದ್ದಳು. ಎಣ್ಣೆ ನಿಲ್ಲಿಸಿ ನಿನಗೆ ನೀನೇ ಶಿಕ್ಷೆ ಕೊಟ್ಟುಕೊಳ್ಳಬೇಡ. ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ.

ಸೆಪ್ಟೆಂಬರ್ ಮೊದಲ ಭಾನುವಾರ ಮಧ್ಯಾಹ್ನದ ರೈಲಿಗೆ ಬರುತ್ತೇನೆ. ಮಾತಾಡುತ್ತೇನೋ ಇಲ್ಲವೋ ಗೊತ್ತಿಲ್ಲ. ಐದು ಗಂಟೆಗೆ ಬಾಗಿಲಲ್ಲಿ ಇರುತ್ತೇನೆ. ಒಂದು ಗಂಟೆ ಮೊದಲೇ ಎರಡು ಹನಿ ತೆಗೆದುಕೋ. ‘ಯಾಕೆ’ ಕಾಲಮಿನಲ್ಲಿ ಬರೆ: ತಮ್ಮನ ಜೊತೆ ಕೂತು ಊಟ ಮಾಡಬೇಕು.

‘ಏನಾಯಿತು’ ಎನ್ನುವುದನ್ನು ನಾನು ಎದ್ದು ಹೋದ ಮೇಲೆ ತುಂಬು.

ಗುಬ್ಬಿ